ಲಾಡ್ಜಿನ ಗೇಟಿನ ಮುಂದೆ ಮೌನ ಪ್ರಾರ್ಥನೆ

ನಮ್ಮ ಕ್ರೈಸ್ತ ಸಭೆಯ ಜಿಲ್ಲಾ ಮೇಲ್ವಿಚಾರಕರಿಗೆ,

ಮಾನ್ಯರೇ, ಪ್ರಾರ್ಥನೆ ಮಾಡಿದ ಅಪರಾಧಕ್ಕಾಗಿ ನಮ್ಮ ಸಭಾಪಾಲಕಿ ಮಾಣಿಕಮ್ಮನವರನ್ನು ಅಮಾನತು ಮಾಡಿದ್ದೀರಿ. ಜೇವರ್ಗಿಯ ನಮ್ಮ ಪ್ರಾರ್ಥನಾ ಮಂದಿರಕ್ಕೆ ಬೀಗ ಹಾಕಿಸಿದ್ದೀರಿ. ಪ್ರಾರ್ಥನೆ ತಪ್ಪಲ್ಲವಂತೆ, ಮಾಡಿದ ಜಾಗ ತಪ್ಪಂತೆ. ದೇವರ ವಿಳಾಸವನ್ನು ಇಷ್ಟು ಖಚಿತವಾಗಿ ಬಲ್ಲ ತಾವು ನಮಗೆ ಮೊದಲೇ ತಿಳಿಸಬಾರದಿತ್ತೇ?

ನಡೆದದ್ದೇನೆಂದು ನೀವು ಕೇಳಲೇ ಇಲ್ಲ. ಊರಾದರೂ ಕೇಳಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ. ನಾನು ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ಸಂಜೆ ಮಾಣಿಕಮ್ಮನವರ ಮೌನ ಪ್ರಾರ್ಥನೆಗೆ ಹೋಗುತ್ತಿದ್ದೆ. ಹಾಡಿಲ್ಲ, ಬೇಡಿಕೆಯಿಲ್ಲ; ಕಣ್ಣು ಮುಚ್ಚಿ ದೇವರ ಎದುರು ಸುಮ್ಮನೆ ಕೂರುವುದು. ಪಕ್ಕದಲ್ಲಿ ದಶರಥ ಮತ್ತು ಅವನ ಹೆಂಡತಿ ಸಾಬಮ್ಮ. ಮಲದ ಗುಂಡಿ ಬಳಿಯುವುದು ದಶರಥನ ಕೆಲಸ. ಮತ್ತೆ ಮತ್ತೆ ಕೈ ತೊಳೆದು ಬಂದು, "ನಾತ ಬರಾಕತ್ತದೇನ್ರಿ, ಸಿಸ್ಟರ್?" ಎಂದು ಕೇಳಿಯೇ ಕೂರುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಹೆದ್ದಾರಿ ಪಕ್ಕದ ಲಾಡ್ಜೊಂದರ ಗುಂಡಿಗೆ ಅವನನ್ನು ಇಳಿಸಿದರು. ಮನುಷ್ಯರನ್ನು ಹಾಗೆ ಇಳಿಸುವುದು ಕಾನೂನಿನಲ್ಲಿ ಅಪರಾಧ. ಯಂತ್ರ ತರಿಸುವುದು ಮಾಲೀಕರಿಗೆ ತೊಂದರೆ. ವಿಷಗಾಳಿ ಕುಡಿದು ದಶರಥ ಒಳಗೇ ಸತ್ತ. ಹೆಣ ಬಂದದ್ದು ನಮ್ಮ ಆಸ್ಪತ್ರೆಗೇ; ತೊಳೆದವಳು ನಾನು. ಕುಡಿದ ಅಮಲಿನಲ್ಲಿ ಕಾಲು ಜಾರಿ ಬಿದ್ದ ಎಂದರು ಮಾಲೀಕರು. ಪೊಲೀಸರು ಅದನ್ನೇ ಬರೆದುಕೊಂಡರು. ಹೆಂಡ ಮುಟ್ಟಿದವನಲ್ಲ ನಮ್ಮ ದಶರಥ.

ಆ ವಾರ ಪ್ರಾರ್ಥನೆಯ ನಡುವೆ ಸಾಬಮ್ಮ ಕೇಳಿದಳು: "ಅಕ್ಕೋರೆ, ಕಣ್ಣ ಮುಚ್ಚಿದ್ರ ನನಗ ಆ ಗುಂಡಿನೇ ಕಾಣ್ತದ್ರಿ. ನಿಮಗ ಏನ್ ಕಾಣ್ತದ್ರಿ?"

ಮಾಣಿಕಮ್ಮನವರು ಎದ್ದು ಬಂದು ಅವಳ ಪಕ್ಕದಲ್ಲಿ ಕೂತರು. "ನಾಳಿಂದ ಅಲ್ಲೇ ಕುಂದ್ರೋಣು" ಎಂದರು. ಮರುದಿನ ಲಾಡ್ಜಿನ ಗೇಟಿನ ಮುಂದೆ ಚಾಪೆ ಹಾಸಿ ಕೂತೆವು. ಘೋಷಣೆಯಿಲ್ಲ, ಬ್ಯಾನರಿಲ್ಲ. ಎದುರಿನ ಚಹಾದಂಗಡಿಯ ಮೆಹರಾಜಬೇಗಂ ಒಲೆ ಆರಿಸಿ ಬಂದು ನಮ್ಮ ಜೊತೆ ಕೂತರು. ವಿಚಾರಿಸಲು ಬಂದ ಪೊಲೀಸ್ ಸಾಹೇಬರಿಗೆ ಗೊಂದಲ.

"ಏನ್ ನಡ್ಸೀರಿ ಇಲ್ಲಿ?"

"ಪ್ರಾರ್ಥನಾ ಮಾಡಾಕತ್ತೇವ್ರಿ," ಎಂದರು ಮಾಣಿಕಮ್ಮ.

"ಅದಕ್ಕ ಚರ್ಚ್ ಇಲ್ಲೇನ್ರಿ?"

"ಅದ ರೀ. ಆದ್ರ ನಮ್ಮ ಮನಷ್ಯಾ ಸತ್ತಿದ್ದು ಇಲ್ಲಿ."

ದಿನವೂ ಸಂಜೆ ಕೂತೆವು, ಕೂರುವವರು ಹೆಚ್ಚಿದರು. ಒಂದು ಸಂಜೆ ಲಾಡ್ಜಿನ ಕೆಲಸಗಾರ ರಸೂಲ ಗೇಟು ದಾಟಿ ಬಂದು ಸಾಬಮ್ಮನ ಎದುರು ಕುಸಿದ. "ಒಳಗ ಗಾಳಿ ಸರಿ ಇಲ್ಲ, ಒಲ್ಲೆ ಅಂದಿದ್ದ್ರಿ ಅವ. ಮಾಲೀಕ್ರು ಬೈದು ಇಳಿಸಿದ್ರು. ಹಗ್ಗ ಹಿಡಿದಾಂವ ನಾನೇ ಅವ್ವಾ." ಸಾಬಮ್ಮ ಅವನ ಕೈ ಹಿಡಿದು ಠಾಣೆಗೆ ಕರೆದೊಯ್ದಳು. ಅಲ್ಲೂ ಅವನು ಅದನ್ನೇ ಹೇಳಿದ. ಮಾಲೀಕರ ಮೇಲೆ ಕೇಸಾಯಿತು.

ನಿಮ್ಮ ಆದೇಶ ಬಂದದ್ದು ಅದರ ಬೆನ್ನಿಗೇ. "ಧ್ಯಾನವನ್ನು ಬೀದಿಗೆಳೆದು ರಾಜಕೀಯಗೊಳಿಸಿದ್ದು" ಮಾಣಿಕಮ್ಮನವರ ತಪ್ಪು. ನೀವು ವರ್ಷವರ್ಷವೂ ನಡೆಸುವ ಧ್ಯಾನ ಶಿಬಿರ ಅದೇ ಲಾಡ್ಜಿನ ತಂಪು ಸಭಾಂಗಣದಲ್ಲಿ ನಡೆಯುವುದು ಬರೀ ಕಾಕತಾಳೀಯವಿರಬೇಕು! ಅಲ್ಲಿ ನೀವು ಅಂತರಂಗದ ಆಳಕ್ಕಿಳಿಯುವಾಗ ಹಿತ್ತಲಿನಲ್ಲಿ ದಶರಥನೂ ಇಳಿಯುತ್ತಿದ್ದ. ಇಬ್ಬರಲ್ಲಿ ಹೆಚ್ಚು ಆಳಕ್ಕಿಳಿದವರು ಯಾರು? ಯೇಸು ಒಬ್ಬನೇ ಬೆಟ್ಟ ಹತ್ತಿ ಪ್ರಾರ್ಥಿಸಿದ್ದು ನಿಮಗೆ ನೆನಪಿದೆ. ಇಳಿದು ಬಂದು ಕುಷ್ಠರೋಗಿಯನ್ನು ಮುಟ್ಟಿದ್ದು ಮರೆತೇ ಹೋಯಿತೇ? ಯಾರ ಕೂಗೂ ಕಿವಿಗೆ ಬೀಳದಂತೆ ಸುಮ್ಮನಿರುವುದೇ ಧ್ಯಾನವಾದರೆ, ಆ ಲಾಡ್ಜಿನ ಮಾಲೀಕರು ನಿಮಗಿಂತ ದೊಡ್ಡ ಸಿದ್ಧಪುರುಷರು. ಅವರನ್ನೇ ಸಭಾಪಾಲಕರನ್ನಾಗಿ ನೇಮಿಸಿಬಿಡಿ.

ನೇಮಿಸಲು ನಾಚಿಕೆಯಾದರೆ, ಬೀಗ ತೆಗೆಸಿ. ಮಾಣಿಕಮ್ಮನವರ ಅಮಾನತು ರದ್ದು ಮಾಡಿ. ತಾಲ್ಲೂಕಿನ ಯಾವ ಗುಂಡಿಗೂ ಮನುಷ್ಯರನ್ನು ಇಳಿಸಬಾರದೆಂದು ಬರುವ ಸೋಮವಾರ ತಹಶೀಲ್ದಾರ್ ಕಚೇರಿಯ ಮುಂದೆ ಕೂರುತ್ತೇವೆ. ನೀವೂ ಬಂದು ಕೂರಬೇಕು. ಹೀಗೊಂದು ಕರೆ ಕೊಡಲೇ ಎಂದು ಸಾಬಮ್ಮನನ್ನು ಕೇಳಿದೆ. ಅಂಗಳ ಗುಡಿಸುತ್ತಿದ್ದವಳು ತಲೆಯೆತ್ತಿ ಹೇಳಿದಳು:

"ಕರೀರಿ. ಬಂದ್ರ ನನ್ನ ಬಾಜೂನೇ ಕುಂದರ್ಲಿ. ಹೆಂಗಸು ವಿಧವಿ ಆಗ್ಯಾಳ, ಮಾತಾಡ್ಸಬೇಕು ಅನ್ನೋದು ಅವರಿಗಿ ಯಾರೂ ಕಲಿಸಿಲ್ಲ ಕಾಣ್ತದ."

ಇಂತಿ,
ನಿಮ್ಮ ಆಶೀರ್ವಾದವಿಲ್ಲದೆಯೂ ಹೇಗೋ ವಿಶ್ವಾಸಿಯಾಗಿಯೇ ಉಳಿದಿರುವ
ಸುವರ್ಣಾ, ಜೇವರ್ಗಿ