ಒಂದೇ ಸಲ ಪ್ರಶ್ನೆ ಕೇಳುವ ಸಾಹೇಬರಿಗೆ

'ಹಾಡುತ್ತಾ ಇಂಗ್ಲಿಷ್' ಯೋಜನೆಯ ಮಾನ್ಯ ಮೇಲ್ವಿಚಾರಕರೇ,

ನಮ್ಮ ಆರನೆಯ ತರಗತಿಯ ಮಕ್ಕಳು ತಮ್ಮನ್ನು ಅಣಕಿಸಿದರು ಎಂದು ತಾವು ವರದಿ ಬರೆದಿದ್ದೀರಿ. ಆ ಒಂದು ವಾಕ್ಯದ ಬಲದಿಂದ ನಮ್ಮ ಟ್ರಸ್ಟಿನ ಅಹಮದಾಬಾದ್, ವಡೋದರಾ, ಸುರತ್ ಶಾಲೆಗಳಲ್ಲೆಲ್ಲ ಇಂಗ್ಲಿಷ್ ಪಾಠದ ಹಾಡು ನಿಂತುಹೋಗಿದೆ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಗುಜರಾತಿ ಮಾಧ್ಯಮದ ಈ ಮಕ್ಕಳಿಗೆ ಬರುವ ಜೂನಿನಲ್ಲಿ ಏಳನೆಯ ತರಗತಿಯ ಇಂಗ್ಲಿಷ್ ಮಾಧ್ಯಮದಲ್ಲಿ ಸಿಗಬೇಕಿದ್ದ ಜಾಗವನ್ನು ತಾವು ರದ್ದು ಮಾಡಿದ್ದೀರಿ. ಮಕ್ಕಳು ಅಣಕಿಸಲಿಲ್ಲ ಸ್ವಾಮಿ, ತಾವು ಕಾಯಲಿಲ್ಲ. ಇದನ್ನು ಹೇಳುವುದಕ್ಕೇ ಈ ಪತ್ರ.

ಇಂಗ್ಲಿಷ್ ಯೋಜನೆಯ ಅಧಿಕಾರಿಗೆ ಗುಜರಾತಿನಲ್ಲಿ ಕುಳಿತು ಕನ್ನಡದಲ್ಲಿ ಪತ್ರವೇ ಎಂದು ಓದುಗರು ಹುಬ್ಬೇರಿಸಬಹುದು. ಇಂಗ್ಲಿಷಿನಲ್ಲಿ ಒಂದು ಅರ್ಜಿ ಆಗಲೇ ಕಳಿಸಿದ್ದೇನೆ, ಅದರ ಗತಿ ಏನಾಯಿತೆಂದು ಕೊನೆಯಲ್ಲಿ ಹೇಳುತ್ತೇನೆ. ಅಂದು ನಮ್ಮ ತರಗತಿಯಲ್ಲಿ ತಾವು ಮೊದಲು ಇಂಗ್ಲಿಷಿನಲ್ಲಿ ಮಾತಾಡಿದಿರಿ, ಆಮೇಲೆ ಹಿಂದಿಯಲ್ಲಿ ಗದರಿದಿರಿ, ಕೋಪ ನೆತ್ತಿಗೇರಿದ ಮೇಲೆ "ಏನ್ರೀ ಇದು, ಈ ಹುಡುಗ್ರು ನನ್ನನ್ನೇ ಆಡ್ಕೋತಿದಾವಲ್ರೀ!" ಎಂದಿರಿ. ಅಲ್ಲಿಯವರೆಗೆ ತಾವು ನಮ್ಮ ಕಡೆಯವರೆಂಬುದು ಯಾರಿಗೂ ತಿಳಿದಿರಲಿಲ್ಲ. ತಮಗೆ ಸಿಟ್ಟು ಬರುವ ಭಾಷೆಯಲ್ಲಿಯೇ ಬೇಡಿಕೆ ಇಟ್ಟರೆ ಬೇಗ ಮುಟ್ಟೀತೆಂಬ ಆಸೆಯಿಂದ ಇದನ್ನು ನಮ್ಮ ಕನ್ನಡ ಸಂಘದ ಮಾಸಪತ್ರಿಕೆಗೆ ಕೊಟ್ಟಿದ್ದೇನೆ. ಪತ್ರಿಕೆ ವಡೋದರಾದ ತಮ್ಮ ಮನೆಗೂ ಬರುತ್ತದಂತೆ. ತೆರೆದು ಓದುತ್ತೀರೋ ಇಲ್ಲವೋ ಸಂಪಾದಕರಿಗೆ ಗೊತ್ತಿಲ್ಲ.

ನಾನು ಮೈಸೂರಿನವಳು. ಯಜಮಾನರು ಪಟ್ಟಾಭಿರಾಮ, ರೈಲ್ವೆಯಲ್ಲಿದ್ದಾರೆ. ಅವರಿಗೆ ಇಲ್ಲಿಗೆ ವರ್ಗವಾದ ಮೇಲೆ ನಾನು ಮಣಿನಗರದ ಟ್ರಸ್ಟ್ ಶಾಲೆಯಲ್ಲಿ ಇಂಗ್ಲಿಷ್ ಟೀಚರಾದೆ. ಕಿಟಕಿ ತೆರೆದರೆ ಸ್ಟೇಷನ್ನಿನ ಘೋಷಣೆ, ಮುಚ್ಚಿದರೆ ಸೆಕೆ. ಇಂಥ ಕಡೆ ಮಕ್ಕಳಿಗೆ ಇಂಗ್ಲಿಷ್ ಬರಲಿ ಎಂದು ತಮ್ಮ ಕಚೇರಿ ಹಾಡುಗಳ ಯೋಜನೆ ತಂದಾಗ ನನ್ನಷ್ಟು ಸಂತೋಷಪಟ್ಟವರು ಇನ್ನೊಬ್ಬರಿಲ್ಲ. ಸುತ್ತೋಲೆ ಓದುವವರೆಗೆ ಆ ಸಂತೋಷ ಉಳಿದಿತ್ತು.

ಎಂಥ ಸುತ್ತೋಲೆ ಅದು! ಹಾಡನ್ನು ಕಚೇರಿ ಕಳಿಸಿದ ಸ್ಪೀಕರಿನಿಂದಲೇ ಕೇಳಿಸತಕ್ಕದ್ದು. ಶಿಕ್ಷಕಿಯರು ಸ್ವಂತ ದನಿಯಲ್ಲಿ ಹಾಡತಕ್ಕದ್ದಲ್ಲ, ಉಚ್ಚಾರಣೆ ಕೆಡುತ್ತದೆ. ಹಾಡಿನ ಸಮಯದಲ್ಲಿ ಮಕ್ಕಳು ಆನಂದದಿಂದ ಇರತಕ್ಕದ್ದು. ಆನಂದವಾಗದ ಮಗುವನ್ನು ಯಾರ ಬಳಿ ಕಳಿಸಬೇಕೆಂದು ಮಾತ್ರ ಅದರಲ್ಲಿ ನಮೂದಾಗಿರಲಿಲ್ಲ. ಹಾಡುಗಳಾದರೂ ಎಂಥವು? ಹಿಮ ಬಿದ್ದ ಬೆಳಗು, ಹೊಗೆಗೂಡಿನ ಪಕ್ಕದ ಬೆಕ್ಕು, ಉಣ್ಣೆಯ ಕೈಗವಸು ಕಳೆದುಕೊಂಡ ಅಜ್ಜ. ಜೂನಿನ ಅಹಮದಾಬಾದಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಕುಳಿತ ಮಕ್ಕಳಿಗೆ ಕೈಗವಸಿನ ದುಃಖವನ್ನು ಅರ್ಥಮಾಡಿಸುವುದರಲ್ಲೇ ನನ್ನ ಎರಡು ವಾರ ಕಳೆಯಿತು. ಕೊನೆಗೆ ಒಬ್ಬಳು, "ಟೀಚರ್, ಆ ಅಜ್ಜ ಇಲ್ಲಿಗೆ ಬಂದ್ಬಿಡ್ಲಿ, ಕೈಗವಸೇ ಬೇಡ" ಎಂದಳು. ಆ ಹಾಡಿನಿಂದ ಹೊರಟ ಬುದ್ಧಿವಂತಿಕೆಯ ಮಾತು ಅದೊಂದೇ, ಅದೂ ಗುಜರಾತಿಯಲ್ಲಿ.

ಸುರತ್‌ನಲ್ಲಿ ತಾವು ಏರ್ಪಡಿಸಿದ ತರಬೇತಿ ಶಿಬಿರವನ್ನಂತೂ ಮರೆಯುವಂತಿಲ್ಲ. ದೂರದಿಂದ ಬಂದ ತಜ್ಞರೊಬ್ಬರು ನಮ್ಮನ್ನು ಸಾಲಾಗಿ ನಿಲ್ಲಿಸಿ ತಾಳಕ್ಕೆ ಸರಿಯಾಗಿ ಚಪ್ಪಾಳೆ ತಟ್ಟುವುದು ಹೇಗೆಂದು ಕಲಿಸಿದರು. ಗುಜರಾತಿನ ಹೆಂಗಸರಿಗೆ! ನಡೆಯಲು ಕಲಿಯುವ ಮುಂಚೆಯೇ ಗರ್ಬಾದ ಸುತ್ತಿನಲ್ಲಿ ತಾಯಿಯ ಸೊಂಟದ ಮೇಲೆ ಕುಳಿತು ತಾಳ ಹಾಕಿದವರಿಗೆ! ಪಕ್ಕದಲ್ಲಿದ್ದ ನಮ್ಮ ಶಾಲೆಯ ಅಕ್ಷತಾಬೆನ್ (ಬೆನ್ ಎಂದರೆ ಇಲ್ಲಿ ಅಕ್ಕ) ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡರು. ವೇದಿಕೆಯ ಮೇಲಿದ್ದ ತಾವು ಅದನ್ನು ಆನಂದವೆಂದೇ ತಿಳಿದು ತಲೆದೂಗಿದಿರಿ.

ನನಗೆ ದಾರಿ ತೋರಿಸಿದ್ದು ಶಿಬಿರವಲ್ಲ, ಹೋದ ವರ್ಷದ ನವರಾತ್ರಿ. ಶಾಲೆಯ ಅಂಗಳದಲ್ಲಿ ಮಕ್ಕಳು ಗರ್ಬಾ ಅಭ್ಯಾಸ ಮಾಡುತ್ತಿದ್ದರು. ಅಕ್ಷತಾಬೆನ್ ಒಂದು ಸಾಲು ಎತ್ತಿಕೊಟ್ಟರೆ ಸುತ್ತಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟುತ್ತಾ ಅದನ್ನೇ ತಿರುಗಿ ಹಾಡುತ್ತಿದ್ದರು. ಯಾರೂ ಓದಿ ಕಲಿತದ್ದಲ್ಲ, ಆದರೂ ಎಷ್ಟೆಷ್ಟು ಉದ್ದದ ಸಾಲುಗಳು ಒಂದಕ್ಷರ ಬಿಡದೆ ಬಾಯಿಗೆ ಬರುತ್ತಿದ್ದವು. ನಮ್ಮ ಮನೆಗಳ ಹಸೆಹಾಡೂ ಹೀಗೆಯೇ ಅಲ್ಲವೇ? ಸೋದರತ್ತೆ ಎತ್ತಿಕೊಟ್ಟದ್ದನ್ನು ಉಳಿದವರು ಹಾಡಿ ಹಾಡಿಯೇ ಕಲಿತರು. ಮಾರನೆಯ ದಿನ ನಾನು ಸ್ಪೀಕರನ್ನು ಕಪಾಟಿಗೆ ಸೇರಿಸಿ, ಬೆಂಚುಗಳನ್ನು ಗೋಡೆಗೆ ಒತ್ತಿ, ಮಕ್ಕಳನ್ನು ಸುತ್ತು ನಿಲ್ಲಿಸಿದೆ.

ನಮ್ಮ ಪದ್ಧತಿ ಸರಳ. ಮುಂದಾಳು ಎರಡು ಚಪ್ಪಾಳೆ ತಟ್ಟಿದರೆ ಸುತ್ತು ಶುರುವಾಯಿತೆಂದು ಅರ್ಥ. ಮುಂದಾಳು ಒಂದು ಪ್ರಶ್ನೆಯನ್ನು ರಾಗದಲ್ಲಿ ಹಾಡುತ್ತಾರೆ. ಎಲ್ಲರೂ ಆ ಪ್ರಶ್ನೆಯನ್ನು ಚಪ್ಪಾಳೆಯೊಡನೆ ಹಾಗೆಯೇ ಹಿಂದಿರುಗಿಸುತ್ತಾರೆ. ಎಷ್ಟೇ ಹೆದರುಪುಕ್ಕಲ ಮಗುವಾದರೂ ಆ ಗುಂಪಿನ ದನಿಯಲ್ಲಿ ತನ್ನ ದನಿ ಸೇರಿಸಿ ಪದಗಳನ್ನು ಬಾಯಿಗೆ ತಂದುಕೊಳ್ಳುತ್ತದೆ. ಆಮೇಲೆ ಮುಂದಾಳು ಅದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳುತ್ತಾರೆ. ಆಗ ಒಬ್ಬರು ಒಂದು ಹೆಜ್ಜೆ ಮುಂದೆ ಬಂದು ಸ್ವಂತ ಉತ್ತರ ಹೇಳಬೇಕು. ಈ ಉತ್ತರಕ್ಕೆ ರಾಗ ಬೇಕಿಲ್ಲ, ಯಾರೂ ಹೇಳಿಕೊಡುವುದೂ ಇಲ್ಲ. ಒಂದು ದಿನ ನನ್ನನ್ನು ಕರೆದೊಯ್ಯಲು ಬಂದ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, "ಇನ್ನು ಪ್ರಸಾದ ಒಂದು ಕೊಟ್ಬಿಟ್ರೆ ಪೂರ್ತಿಯಾಯ್ತು ಕಣೇ" ಎಂದರು. ನಗಲಿ ಬಿಡಿ, ಮಕ್ಕಳು ಮಾತಾಡತೊಡಗಿದ್ದರು.

ಅವರಲ್ಲಿ ಕೃಪಾಳ ವಿಷಯ ಹೇಳಲೇಬೇಕು. ಅವಳ ತಾಯಿ ಕಮಲಾಬೆನ್ ಮನೆಯಲ್ಲೇ ಖಾಖ್ರಾ ಲಟ್ಟಿಸುತ್ತಾರೆ. ಹಪ್ಪಳದಂತೆ ಗರಿಗರಿಯಾದ ಆ ರೊಟ್ಟಿ ಮಣಿನಗರದ ಅಂಗಡಿಗಳಿಗೆ ಹೋಗುತ್ತದೆ. ಐದನೆಯ ತರಗತಿಯಲ್ಲಿ ಆ ನವರಾತ್ರಿಯವರೆಗೂ ಇಂಗ್ಲಿಷ್ ಪಿರಿಯಡ್ಡಿನಲ್ಲಿ ಕೃಪಾ ಬಾಯಿ ಬಿಟ್ಟವಳಲ್ಲ. ಸುತ್ತು ಶುರುವಾದ ಮೇಲೆ ಮೊದಮೊದಲು ತುಟಿ ಮಾತ್ರ ಅಲ್ಲಾಡುತ್ತಿತ್ತು, ಆಮೇಲೆ ದನಿ ಬಂತು, ಒಂದು ದಿನ ಹೆಜ್ಜೆ ಮುಂದಿಟ್ಟು ಅವರಮ್ಮ ಬೆಳಗಿನಿಂದ ಏನೇನು ಮಾಡುತ್ತಾರೆಂದು ಇಂಗ್ಲಿಷಿನಲ್ಲಿ ಹೇಳಿಯೇಬಿಟ್ಟಳು. ನಡುವೆ ಪದ ಸಿಗದಿದ್ದಾಗ ಕೈಯಲ್ಲಿ ಲಟ್ಟಿಸಿ ತೋರಿಸಿದಳು, ಆದರೆ ನಿಲ್ಲಿಸಲಿಲ್ಲ. ಆ ದಿನ ನನ್ನ ಕಣ್ಣಲ್ಲಿ ನೀರು ಬಂತು. ಇಂಗ್ಲಿಷ್ ಮಾಧ್ಯಮಕ್ಕೆ ಹೋಗುತ್ತೇನೆಂದು ಅವಳು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಳು.

ಆಗ ತಮ್ಮ ಸವಾರಿ ಬಂತು. ಭಾದ್ರಪದದ ಒಂದು ಬೆಳಿಗ್ಗೆ, ಮುನ್ಸೂಚನೆ ಇಲ್ಲದೆ. ತಾವು ಒಳಗೆ ಬಂದವರೇ ಮಕ್ಕಳ ಸದ್ದಡಗಿಸಲೆಂದು ಜೋರಾಗಿ ಎರಡು ಚಪ್ಪಾಳೆ ತಟ್ಟಿದಿರಿ. ಸಾಹೇಬರಿಗೂ ನಮ್ಮ ಆಟ ಗೊತ್ತು ಎಂದುಕೊಂಡು ಮಕ್ಕಳ ಮುಖ ಅರಳಿತು. ತಾವು ಕೃಪಾಳ ಕಡೆ ಬೆರಳು ತೋರಿಸಿ "ವಾಟ್ ಡಸ್ ಯುವರ್ ಮದರ್ ಡೂ?" ಎಂದಿರಿ. ಇಡೀ ತರಗತಿ "ವಾಟ್ ಡಸ್ ಯುವರ್ ಮದರ್ ಡೂ?" ಎಂದು ಚಪ್ಪಾಳೆ ತಟ್ಟಿ ಹಾಡಿತು. ಕೃಪಾ ಒಂದು ಹೆಜ್ಜೆ ಮುಂದೆ ಬಂದು ನಿಂತಳು. ಇನ್ನೊಂದು ಸಲ ಕೇಳಿದ್ದರೆ ಸಾಕಿತ್ತು. ತಾವು ಕೇಳಿದ್ದು ಬೇರೆ ಪ್ರಶ್ನೆ: "ಆರ್ ಯು ಮೇಕಿಂಗ್ ಫನ್ ಆಫ್ ಮೀ?" ಅದೂ ಚಪ್ಪಾಳೆ ಸಮೇತ ಹಿಂದಿರುಗಿ ಬಂತು. ಹೊಸ ಸಾಲು, ಉದ್ದದ ಸಾಲು, ಮಕ್ಕಳಿಗೆ ಬಹಳ ಹಿಡಿಸಿತು. ಹಿಂದಿಯಲ್ಲಿ "ಚುಪ್!" ಎಂದಿರಿ. ಅದನ್ನೂ ಹಾಡಿದರು. ಆಮೇಲೆಯೇ ತಮಗೆ ಕನ್ನಡ ಬಂದದ್ದು.

"ಸರ್, ಅದೇ ಪ್ರಶ್ನೆ ಇನ್ನೊಂದ್ಸಲ ಕೇಳಿ, ಅವ್ಳು ಉತ್ರ ಹೇಳ್ತಾಳೆ" ಎಂದು ನಾನು ಅಂಗಲಾಚಿದೆ. ತಾವು ಏನೆಂದಿರಿ, ನೆನಪಿದೆಯೇ? "ನಾನು ಒಂದೇ ಸಲ ಕೇಳೋದು!" ಎಂದು ಕೃಪಾಳಿಗೆ "ಸಿಟ್ ಡೌನ್" ಎಂದಿರಿ. ಪಾಪ, ಒಂದಿಬ್ಬರು ಅದನ್ನೂ ಹಾಡಿದರು. ಕೃಪಾ ಮಾತ್ರ ಹಾಡಲಿಲ್ಲ, ಕುಳಿತುಬಿಟ್ಟಳು. ಎಂಟು ದಿನದಲ್ಲಿ ವರದಿ ಬಂತು. 'ಅರ್ಥವರಿಯದೆ ಪುನರುಚ್ಚರಿಸುತ್ತಾರೆ, ಅಧಿಕಾರಿಗಳನ್ನು ಅಣಕಿಸುತ್ತಾರೆ, ಶಿಸ್ತಿಲ್ಲ, ಇಂಗ್ಲಿಷ್ ಮಾಧ್ಯಮಕ್ಕೆ ಅರ್ಹರಲ್ಲ.'

ಆ ದಿನದಿಂದ ಕೃಪಾ ನನ್ನ ಪಿರಿಯಡ್ಡಿನಲ್ಲಿ ಎದ್ದು ನಿಂತಿಲ್ಲ. ಕಮಲಾಬೆನ್ ಹಿಟ್ಟಿನ ಕೈಯಲ್ಲೇ ಶಾಲೆಗೆ ಓಡಿಬಂದು, "ಬೆನ್, ಮನೇಲಿ ನನ್ನ ಜೊತೆ ಕೂತು ಲಟ್ಟಿಸುವಾಗ್ಲೂ ಇಂಗ್ಲಿಷ್ ಹಾಡ್ತಿದ್ಳು. ಈಗ ಕೇಳಿದ್ರೆ ತಲೆ ತಗ್ಗಿಸ್ತಾಳೆ. ಏನು ತಪ್ಪು ಮಾಡಿದ್ಳು?" ಎಂದು ಗುಜರಾತಿಯಲ್ಲಿ ಕೇಳಿದರು. ಕೃಪಾ ಕೇಳಿದ್ದು ಇನ್ನೂ ಕಷ್ಟದ ಪ್ರಶ್ನೆ. "ಟೀಚರ್, ನಾನು ಮುಂದೆ ಬಂದು ನಿಂತಿದ್ನಲ್ಲ, ಸಾಹೇಬ್ರು ಎರಡನೇ ಸಲ ಯಾಕೆ ಕೇಳ್ಲಿಲ್ಲ?" ಹನ್ನೊಂದು ವರ್ಷದ ಹುಡುಗಿಗೆ, ದೊಡ್ಡ ಹುದ್ದೆಯವರು ಎರಡು ಸಲ ಕೇಳುವುದಿಲ್ಲ ಮಗಳೇ ಎಂದು ಯಾವ ಭಾಷೆಯಲ್ಲಿ ಹೇಳಲಿ? ನನಗೆ ತಮ್ಮ ಮೇಲೆ ಇರುವ ಸಿಟ್ಟೆಲ್ಲ ಈ ಒಂದು ಪ್ರಶ್ನೆಯದು.

ಈಗ ಒಂದು ಸಿಹಿ ಪ್ರಸಂಗ ನೆನಪಿಸುತ್ತೇನೆ. ಈ ಸಲದ ನವರಾತ್ರಿಯಲ್ಲಿ ಟ್ರಸ್ಟಿನವರು ವಡೋದರಾದಲ್ಲಿ ಗರ್ಬಾ ಇಟ್ಟುಕೊಂಡು ಎಲ್ಲ ಶಿಕ್ಷಕಿಯರನ್ನೂ ಕರೆದಿದ್ದರು. ಸಂಜೆಯ ಆರತಿಯಾಗಿ ಸುತ್ತು ಶುರುವಾದಾಗ ಕನ್ನಡಿ ಹೊಲಿದ ಅಂಗಿ ತೊಟ್ಟು ತಾವೂ ಬಂದಿರಿ. ತಮಗೆ ಬಹಳ ಒಪ್ಪುತ್ತಿತ್ತು, ಅದನ್ನು ಒಪ್ಪಿಕೊಳ್ಳಬೇಕು. ನಾನು ತಮ್ಮ ಹಿಂದೆಯೇ ಇದ್ದೆ. ತಮಗೆ ಗುಜರಾತಿ ಬರುವುದಿಲ್ಲವೆಂದು ಸುರತ್ ಶಿಬಿರದಲ್ಲಿ ತಾವೇ ಹೇಳಿದ್ದಿರಿ. ಆದರೇನು, ಗಾಯಕಿ ಎತ್ತಿಕೊಟ್ಟ ಪ್ರತಿ ಸಾಲನ್ನೂ ಚಪ್ಪಾಳೆ ತಟ್ಟುತ್ತಾ ತಿರುಗಿ ಹಾಡಿದಿರಿ. ಅರ್ಥವೇನೆಂದು ಯಾರೂ ತಡೆದು ಕೇಳಲಿಲ್ಲ. ಸುತ್ತು ಮುಗಿದಾಗ ಟ್ರಸ್ಟಿನ ಹಿರಿಯಜ್ಜಿಯೊಬ್ಬರು "ಮಜಾ ಆವಿ?" ಎಂದು ತಮ್ಮನ್ನು ಕೇಳಿದರು, ಚೆನ್ನಾಗಿತ್ತೇ ಎಂದು. ತಾವು ಇನ್ನೂ ತಾಳದಲ್ಲೇ ಇದ್ದಿರಿ. ಎರಡು ಚಪ್ಪಾಳೆ ತಟ್ಟಿ "ಮಜಾ ಆವಿ! ಮಜಾ ಆವಿ!" ಎಂದಿರಿ.

ಮಾನ್ಯರೇ, ಅಜ್ಜಿ ತಮ್ಮ ಮೇಲೆ ವರದಿ ಬರೆದರೇ? ಅಣಕಿಸಿದನೆಂದು ತಮ್ಮನ್ನು ಸುತ್ತಿನಿಂದ ಆಚೆ ಕಳಿಸಿದರೇ? ಅವರು ನಕ್ಕು, ತಮ್ಮ ಕೆನ್ನೆ ತಟ್ಟಿ, ಅದೇ ಪ್ರಶ್ನೆಯನ್ನು ಇನ್ನೊಂದು ಸಲ ನಿಧಾನವಾಗಿ ಕೇಳಿದರು. ತಾವು ಹೌದೆಂದು ತಲೆಯಾಡಿಸಿ "ಬಹು ಮಜಾ ಆವಿ" ಎಂದಿರಿ. ಗುಜರಾತಿಗೆ ಬಂದು ಇಷ್ಟು ವರ್ಷವಾದ ಮೇಲೆ ತಾವು ಆಡಿದ ಮೊದಲ ಸ್ವಂತ ಗುಜರಾತಿ ವಾಕ್ಯ ಬಹುಶಃ ಅದೇ ಇರಬೇಕು. ನನ್ನ ಮಕ್ಕಳು ಕಲಿತದ್ದೂ ಹೀಗೆಯೇ. ತಮಗೆ ಸಿಕ್ಕಿದ ಆ ಎರಡನೆಯ ಸಲ ಅವರಿಗೆ ಸಿಗಲಿಲ್ಲ.

ನನ್ನ ಬೇಡಿಕೆ ಇಷ್ಟೇ. ದೀಪಾವಳಿ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಮಣಿನಗರಕ್ಕೆ ಬನ್ನಿ. ಸಮಿತಿ ಬೇಡ, ಸ್ಪೀಕರ್ ಬೇಡ. ಬಾಗಿಲಲ್ಲಿ ಎರಡು ಚಪ್ಪಾಳೆ ತಟ್ಟಿ, ಅಂದು ಕೃಪಾಳಿಗೆ ಕೇಳಿದ ಪ್ರಶ್ನೆಯನ್ನೇ ಕೇಳಿ. ಮಕ್ಕಳು ಅದನ್ನು ಹಿಂದಿರುಗಿಸುವವರೆಗೆ ತಾಳ್ಮೆಯಿಂದಿದ್ದು ಮತ್ತೊಮ್ಮೆ ಕೇಳಿ. ಅವಳು ಬಾಯಿ ತೆರೆಯಲು ಹೊತ್ತಾದೀತು, ಆ ಹೊತ್ತನ್ನು ಕೊಡಿ. ಅವಳ ಉತ್ತರ ಕೇಳಿದ ಮೇಲೂ ಈ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಅರ್ಹರಲ್ಲವೆನಿಸಿದರೆ ನಾನು ಚಕಾರವೆತ್ತುವುದಿಲ್ಲ.

ಇನ್ನು ನನ್ನ ಇಂಗ್ಲಿಷ್ ಅರ್ಜಿಯ ಕಥೆ. 'ಮಕ್ಕಳನ್ನು ಮತ್ತೊಮ್ಮೆ ಪರೀಕ್ಷಿಸಬಹುದೇ?' ಎಂದು ಅದರಲ್ಲಿ ಕೇಳಿದ್ದೆ. ತಮ್ಮ ಕಚೇರಿಯಿಂದ ಉತ್ತರವೂ ಬಂತು: 'ಮಕ್ಕಳನ್ನು ಮತ್ತೊಮ್ಮೆ ಪರೀಕ್ಷಿಸಬಹುದೇ ಎಂಬ ವಿಷಯದ ತಮ್ಮ ಪತ್ರ ತಲುಪಿದೆ.' ಅಷ್ಟೇ, ಮುಂದೆ ಒಂದಕ್ಷರವಿಲ್ಲ. ಓದಿದಾಗ ಮೈಯೆಲ್ಲ ಉರಿಯಿತು, ಆಮೇಲೆ ನಗು ಬಂತು. ಕೇಳಿದ್ದನ್ನು ಕೇಳಿದಂತೆಯೇ ಹಿಂದಿರುಗಿಸಿದ್ದೀರಿ, ಚಪ್ಪಾಳೆಯೊಂದೇ ಕಡಿಮೆ. ಅಣಕಿಸಿದಿರೆಂದು ನಾನು ಹೇಳುವುದಿಲ್ಲ. ನಮ್ಮ ತರಗತಿಯಲ್ಲಿ ಮೊದಲ ಸಲ ಹಾಗೆಯೇ ಮಾಡುವುದು. ಎರಡನೆಯ ಸಲ ಕೇಳಿದಾಗ ಮಾತ್ರ ಒಂದು ಹೆಜ್ಜೆ ಮುಂದೆ ಬಂದು ಸ್ವಂತ ಉತ್ತರ ಹೇಳಬೇಕು.

ಮಕ್ಕಳನ್ನು ಮತ್ತೊಮ್ಮೆ ಪರೀಕ್ಷಿಸಬಹುದೇ?

ಇಂತಿ,
ತಮ್ಮ ವರದಿಯ ಪ್ರಕಾರ ಶಿಸ್ತಿಲ್ಲದ, ನಮ್ಮ ತರಗತಿಯ ಪ್ರಕಾರ ಎರಡನೆಯ ಸಲ ಕೇಳುತ್ತಿರುವ,
ಸುಮಿತ್ರಾ ಪಟ್ಟಾಭಿರಾಮ
ಮಣಿನಗರ, ಅಹಮದಾಬಾದ್