ಅಕ್ಕನ ಹಾಡಿನಲ್ಲಿ ನನ್ನ ದನಿ

ಭಾಲ್ಕಿ, ೧೧ ಫೆಬ್ರವರಿ ೧೯೩೬, ಮಂಗಳವಾರ

ಆ ಮಾತು ನನ್ನ ಬಾಯಿಂದ ಬರಬಾರದಿತ್ತು.

ಹಾಡನ್ನು ಗ್ರಾಮಫೋನ್ ತಟ್ಟೆಗೆ ಮುದ್ರಿಸಿಕೊಳ್ಳಲು ಹೈದರಾಬಾದಿನಿಂದ ಬಂದ ಕರೀಮ್ ಸಾಹೇಬರು ತಮ್ಮ ಹತ್ತಿರವಿದ್ದ ಒಂದೇ ಮೈಕನ್ನು ನಮ್ಮ ಬೀಸುವ ಕಲ್ಲಿನ ಮುಂದೆ ಇಟ್ಟರು. ಗುರಮ್ಮಕ್ಕ ಕಲ್ಲು ತಿರುವುತ್ತ, ಹೋದ ವರ್ಷ ಕಾಲರಾದಲ್ಲಿ ತೀರಿದ ಮಗಳು ಚೆನ್ನವ್ವನ ಮೇಲೆ ತಾನೇ ಕಟ್ಟಿದ ಪದ ಎತ್ತಿದಳು. ಕಲ್ಲಿನ ಗರಗರ, ಹಿತ್ತಲ ಕುರಿಗಳ ಕೂಗು ಎಲ್ಲವೂ ಹಾಡಿನೊಳಗೆ ಸೇರಿದವು. ಮಗಳ ಹೆಸರು ಬಂದಾಗ ಅಕ್ಕನ ದನಿ ಒಡೆದು ಅಳುವಾಯಿತು. ಹೊರಗಿನವರ ಎದುರು ಇದೇನು ಎಂದು ನನಗೆ ಸಂಕೋಚ.

"ಸುಮ್ನಿರಕ್ಕಾ, ಅಳಬ್ಯಾಡ," ಎಂದು ಗದರಿದೆ.

ಹಾಡು ಅಲ್ಲಿಗೇ ನಿಂತಿತು. ನನ್ನ ಮಾತೂ ತಟ್ಟೆಗೆ ಇಳಿದಿತ್ತು. ಮತ್ತೊಮ್ಮೆ ಹಾಡಿಸೋಣವೆಂದೆ. ಸಾಹೇಬರು ಒಪ್ಪಲಿಲ್ಲ. "ಬ್ಯಾಡ್ರಿ, ಹ್ಯಾಂಗದ ಹಾಂಗೇ ಇರ್ಲಿ," ಎಂದರು.

ಅಕ್ಕ ಸಿಟ್ಟಾಗಲಿಲ್ಲ. ಹಿಟ್ಟು ಬಳಿಯುತ್ತ ಮೆಲ್ಲಗೆ ಹೇಳಿದಳು: "ಕೂಸಿಗಿ ಮಣ್ಣು ಮಾಡಿದ ದಿನಾನೂ ಎಲ್ಲಾರೂ ಇದೇ ಅಂದ್ರೋ ತಮ್ಮಾ. ಇವತ್ತರೆ ಅಳ್ತೇನಿ ಅಂದ್ಕೊಂಡಿದ್ದೆ."

ಈಗ ಗೋಡೆಯಾಚೆ ಮಲಗಿದ್ದಾಳೆ. ಎಬ್ಬಿಸಿ, ಅಳು ಅಕ್ಕಾ ಎನ್ನಲೇ? ಯಾವ ಮುಖ ಹೊತ್ತುಕೊಂಡು ಹೇಳಲಿ?