ಇವರ ಕಂಪ್ಯೂಟರಿನಲ್ಲಿ ಎಲ್ಲ ಸರಿ

೧೪ ಮಾರ್ಚ್, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಉತ್ತರ ತಡವಾಯಿತು, ಬೈಯಬೇಡ. ಭಾವನವರ ಮಂಡಿನೋವು ಇಳಿದಿದೆ ಎಂದು ಓದಿ ಸಮಾಧಾನವಾಯಿತು. ನಾನೀಗ ಮನೆಯಲ್ಲೇ ಇದ್ದೇನೆ. ಕೆಲಸದಿಂದ ತೆಗೆದರು. "ಏನೇ ಮಾಡ್ಕೊಂಡೆ?" ಅಂತ ನೀನು ಕೇಳುವ ಮೊದಲು ನಾನೇ ಹೇಳಿಬಿಡುತ್ತೇನೆ.

ನಾನೂ ಇವರೂ ಒಂದೇ ಆಫೀಸಿನಲ್ಲಿ, ಆಸ್ಪತ್ರೆಗಳಿಗೆ ಔಷಧಿಯ ಡೋಸ್ ಲೆಕ್ಕ ಹಾಕಿಕೊಡುವ ಸಾಫ್ಟ್‌ವೇರ್ ಬರೆಯುತ್ತಿದ್ದೆವಲ್ಲ. ತಂಡ ನನ್ನ ಕೈಯಲ್ಲಿತ್ತು. ಒಂದೊಂದು ಲೆಕ್ಕವೂ ಸರಿಯೇ ಎಂದು ನೋಡಲು ಸಣ್ಣ ಸಣ್ಣ ಟೆಸ್ಟ್‌ಗಳಿರುತ್ತವೆ. ಅವು ಇವರ ಕಂಪ್ಯೂಟರಿನಲ್ಲಿ ಚೆನ್ನಾಗಿ ಓಡುತ್ತಿದ್ದವು. ಆಫೀಸಿನ ಸರ್ವರಿನಲ್ಲೂ ದಿನಾ ಹಸಿರು ಗುರುತು ಬರುತ್ತಿತ್ತು, ಎಲ್ಲರೂ ಬೆನ್ನು ತಟ್ಟಿಕೊಳ್ಳುತ್ತಿದ್ದರು. ಒಂದು ದಿನ ಕೆದಕಿ ನೋಡಿದರೆ, ಅಲ್ಲಿ ಒಂದು ಟೆಸ್ಟೂ ಓಡುತ್ತಲೇ ಇರಲಿಲ್ಲ. ಪರೀಕ್ಷೆಗೇ ಕೂರದವನು ಫೇಲಾಗುವುದು ಹೇಗೆ ಹೇಳು.

ಹಟ ಹಿಡಿದು ಸರ್ವರಿನಲ್ಲಿ ಓಡಿಸಿದೆ. ಎಲ್ಲ ಕೆಂಪು. ಸಣ್ಣಪುಟ್ಟದ್ದನ್ನು ನಾನೇ ಸರಿಮಾಡಿದೆ. ಒಂದು ಮಾತ್ರ ದೊಡ್ಡ ತಪ್ಪು: ಮಗುವಿನ ತೂಕ ತುಂಬಲು ಮರೆತರೆ ದೊಡ್ಡವರ ಡೋಸ್ ತೋರಿಸುತ್ತಿತ್ತು. ಇವರ ಕಂಪ್ಯೂಟರಿನಲ್ಲಿ ಹಳೆಯ ಫೈಲೊಂದು ಉಳಿದುಕೊಂಡು ಅದನ್ನು ಮುಚ್ಚಿಹಾಕಿತ್ತು. ಇದು ಸರಿಯಾಗುವವರೆಗೆ ಯಾವ ಆಸ್ಪತ್ರೆಗೂ ಕೊಡಬಾರದು ಎಂದು ಮೀಟಿಂಗಿನಲ್ಲಿ ಹೇಳಿದೆ.

ಮ್ಯಾನೇಜರ್ ನಕ್ಕರು. "ಕುಣಿಲಾರದವಳು ನೆಲ ಡೊಂಕು ಅಂದ್ಲಂತೆ. ನೀವು ಕೈ ಹಾಕೋವರೆಗೂ ಎಲ್ಲ ಚೆನ್ನಾಗಿತ್ತಲ್ಲಮ್ಮ?"

ನಾನು ಇವರ ಮುಖ ನೋಡಿದೆ. ಹಿಂದಿನ ಸಂಜೆಯಷ್ಟೇ ತಪ್ಪನ್ನು ತೋರಿಸಿದ್ದೆ, ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಈಗ ಮೇಜು ನೋಡುತ್ತ, "ನನ್ನ ಕಂಪ್ಯೂಟರಲ್ಲಿ ಸರಿಯಾಗೇ ಇದೆ ಸಾರ್" ಅಂದರು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು ಅಕ್ಕ. ಆ ಮಾತು ನೆನೆದರೆ ಮಾತ್ರ ಹೊಟ್ಟೆ ಉರಿಯುತ್ತದೆ. ಕಟ್ಟಿಕೊಂಡವರೇ ಕೈಬಿಟ್ಟ ಮೇಲೆ ಉಳಿದವರನ್ನು ದೂರಿ ಏನು ಬಂತು.

ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ಜಾಣರಾಗುವುದು ನಿಧಾನಕ್ಕಾಗಲಿ, ಕಂಡದ್ದನ್ನು ಕಂಡ ಹಾಗೆ ಹೇಳುವ ಬಾಯಿ ಮೊದಲು ಬರಲಿ.

ನಿನ್ನ ತಂಗಿ

ತಾ.ಕ.: ನನ್ನ ಜಾಗಕ್ಕೆ ಇವರನ್ನೇ ಕೂರಿಸಿದ್ದಾರೆ. ನಿನ್ನೆ, ಎಷ್ಟೋ ತಿಂಗಳ ಮೇಲೆ, ಬಾಯ್ತುಂಬ "ಚಿನ್ನಾ" ಅಂತ ಕರೆದರು. ಕ್ಷಮೆ ಕೇಳುತ್ತಾರೇನೋ ಎಂದು ಒಲೆ ಆರಿಸಿ ಓಡಿದೆ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿ, "ನೀನು ಓಡೋ ಹಾಗೆ ಮಾಡಿದ್ಯಲ್ಲ ಆ ಟೆಸ್ಟು, ಅದನ್ನ ನಿಲ್ಲಿಸೋದು ಹೇಗೆ? ನಾಳೆ ಆಸ್ಪತ್ರೆಗೆ ಕೊಡ್ಬೇಕು" ಅಂತ ಕೇಳಿದರು.